ಮಾತಿಗೆ ತಪ್ಪುವ ಭಾಷೆಯ ಮೇಷ್ಟ್ರು

ಇಂಗ್ಲಿಷ್ ಹೇಳಿಕೊಟ್ಟು ಹೊಟ್ಟೆ ಹೊರೆದವನು ನಾನು. ಆದ್ದರಿಂದ ಆ ಭಾಷೆಯನ್ನು ಬೈಯುವ ಹಕ್ಕು ನನಗೆ ಮಿಕ್ಕವರಿಗಿಂತ ಒಂದು ತೂಕ ಹೆಚ್ಚೇ ಇದೆ ಎಂದುಕೊಂಡಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹೊಳವನಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ, ಕೊನೆಯ ಪೀರಿಯಡ್ಡು ಮುಗಿಸಿ ಜಗಲಿಯ ಮೇಲೆ ಕುಸಿದು ಕೂತರೆ ಕಾಲಿಗಿಂತ ನಾಲಿಗೆ ಹೆಚ್ಚು ದಣಿದಿರುತ್ತಿತ್ತು. ಅದು ಪಾಠ ಮಾಡಿದ ದಣಿವಲ್ಲ. ಆ ಭಾಷೆಯ ಪರವಾಗಿ ವಕಾಲತ್ತು ವಹಿಸಿದ ದಣಿವು.

ನೀವೇ ನೋಡಿ. ಬೆಣ್ಣೆಯನ್ನೆಲ್ಲ ಕಡೆದು ತೆಗೆದ ಮೇಲೆ ಉಳಿಯುವುದು ಮಜ್ಜಿಗೆ. ಅದನ್ನು ಅವರು ಬಟರ್‌ಮಿಲ್ಕ್ ಎನ್ನುತ್ತಾರೆ. ಇಲ್ಲದ ಬೆಣ್ಣೆಯ ಹೆಸರು ಹೇಳಿ ಕುಡಿಸುವ ಧೈರ್ಯ ನಮ್ಮ ಸಂತೆಯ ದಲ್ಲಾಳಿಗೂ ಇಲ್ಲ. ಪಾವಗಡದ ಕಡೆ ಮಣ್ಣು ಬಗೆದು ಕೀಳುವ ಕಡಲೆಕಾಯಿ ಪೀನಟ್ಟಂತೆ. ಅದರೊಳಗಿನ ಬಟಾಣಿಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಬೆಂಡೆಕಾಯಿ ಎಂದರೆ ಲೇಡೀಸ್ ಫಿಂಗರ್ ಎಂದ ದಿನ ತರಗತಿಯ ಹುಡುಗಿಯರೆಲ್ಲ ತಮ್ಮ ಬೆರಳು ನೋಡಿಕೊಂಡರು. ಕಳೆ ಕಿತ್ತು, ಸಗಣಿ ಬಾಚಿದ ಬೆರಳುಗಳು. ಮಧುಗಿರಿಯಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನ ವಿಷಯ ಬೇಡ. ಯಾರೂ ಕೈ ಎತ್ತದಿದ್ದರೂ ಜಾಲಿಮರ ಕಂಡಲ್ಲೆಲ್ಲ ಅದು ನಿಲ್ಲುತ್ತಿತ್ತು.

ನಾನು ಮಾತು ಕಲಿತದ್ದು ಶಿರಾದ ನನ್ನ ಅಜ್ಜಿಯಿಂದ. ಅವಳ ಪ್ರಕಾರ ಹೆಸರು ಎಂದರೆ ಕರೆ; ಕರೆದರೆ ಕರೆಸಿಕೊಂಡದ್ದು ಬಂದೇ ಬರುತ್ತದೆ. ಅದಕ್ಕೇ ದೀಪ ಹಚ್ಚಿದ ಮೇಲೆ ಹಾವಿನ ಹೆಸರೆತ್ತುವಂತಿಲ್ಲ, ‘ಹುಳ’ ಎಂದಷ್ಟೇ ಹೇಳಬೇಕು. (ಇದನ್ನು ನಾನು ಹಗಲಿನಲ್ಲೇ ಬರೆಯುತ್ತಿದ್ದೇನೆ.) ಇಂಥವಳ ಮೊಮ್ಮಗ ಇಂಗ್ಲಿಷ್ ಮೇಷ್ಟ್ರಾದರೆ ಏನಾಗಬೇಕೋ ಅದೇ ಆಯಿತು.

ಒಂದು ಮುಸ್ಸಂಜೆ ಎದುರುಮನೆಯ ಪುಟ್ಟಮ್ಮ ಓಡಿಬಂದಳು. ಕುರಿರೊಪ್ಪದ ಬೇಲಿಯ ಹತ್ತಿರ ಅವಳ ಗಂಡ ರಂಗಪ್ಪನ ಕಾಲಿಗೆ ಹುಳ ಮುಟ್ಟಿತ್ತು. ಗೊಬ್ಬರದ ಲಾರಿಯೊಂದನ್ನು ಅಡ್ಡಹಾಕಿ ಮೂವರೂ ಕೊರಟಗೆರೆಯ ಆಸ್ಪತ್ರೆ ಸೇರಿದೆವು. ಕರಾವಳಿ ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಕಾಲು ತಿರುಗಿಸಿ ನೋಡಿದರು. ಬೇಲಿ ಗೀರಿದ ಆ ಕಾಲಿನಲ್ಲಿ ಯಾವುದು ಮುಳ್ಳಿನ ಗುರುತು, ಯಾವುದು ಹಲ್ಲಿನದು ಎಂದು ತಿಳಿಯುವಂತಿರಲಿಲ್ಲ. ಯಾವ ಹುಳ ಎಂದು ಕೇಳಿದರು. ಚೇಳೇ? ಪುಟ್ಟಮ್ಮ ಅಲ್ಲವೆಂದು ತಲೆಯಾಡಿಸಿದಳು. ಜರಿಯೇ? ಅದೂ ಅಲ್ಲ. ರಂಗಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚತೊಡಗಿದ್ದ.

“ಮತ್ತೆ ಎಂಥದ್ದು, ಬಾಯಿಬಿಟ್ಟು ಹೇಳಿಯಮ್ಮ. ಗೊತ್ತಾಗದೆ ನಾನು ಯಾವ ಇಂಜೆಕ್ಷನ್ ಕೊಡುವುದು?” ಎಂದರು ಡಾಕ್ಟರು.

ಹೆಸರು ಹೇಳಿದರೆ ವಿಷ ಏರುತ್ತದೆ. ಹೇಳದಿದ್ದರೆ ಗಂಡ ಉಳಿಯುವುದಿಲ್ಲ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನನ್ನ ಕಡೆ ನೋಡಿದಳು. ನಾನೆಂಥ ವಿದ್ಯಾವಂತನೆಂದರೆ ನನ್ನ ನಾಲಿಗೆಯೂ ಏಳಲಿಲ್ಲ. ಅಜ್ಜಿ ಅಲ್ಲೇ ಎಲ್ಲೋ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಂತಿತ್ತು.

“ಮೇಷ್ಟ್ರೇ, ನೀವು ಇಂಗ್ಲೀಸ್ನಾಗೆ ಹೇಳ್ಬುಡಿ,” ಎಂದಳು ಪುಟ್ಟಮ್ಮ.

ಸ್ನೇಕ್ ಎಂದೆ. ಎಷ್ಟು ಸಲೀಸಾಗಿ ಬಂತು. ಯಾವ ಅಜ್ಜಿಯೂ ಹೆದರಿಸಿ ಕಲಿಸದ ಮಾತು. ಆಡಿದರೆ ಮೈಮೇಲೆ ಒಂದು ಕೂದಲೂ ನಿಮಿರುವುದಿಲ್ಲ. ಡಾಕ್ಟರು ನರ್ಸನ್ನು ಕೂಗುತ್ತ ಒಳಗೆ ಓಡಿದರು. ಬೆಳಗಾಗುವ ಹೊತ್ತಿಗೆ ರಂಗಪ್ಪ ಎದ್ದು ಕೂತು, ಬೀಡಿ ಇದೆಯಾ ಎಂದು ಕೇಳಿದ.

ಆಸ್ಪತ್ರೆಯ ಎದುರು ಟೀ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. ಯಾವ ಭಾಷೆಯಲ್ಲಿ ಹೇಳಿದರೂ ಹೆಸರು ಹೆಸರೇ ಅಲ್ಲವೇ, ಅದಕ್ಕೆ ಕೇಳಿಸಿದ್ದರೆ ಏನು ಗತಿ ಎಂದು ಪುಟ್ಟಮ್ಮನನ್ನು ಕೇಳಿದೆ.

“ಕೇಳುಸ್ಲಿ ಬುಡಿ,” ಎಂದಳು. “ಅದೇನ್ ನಿಮ್ತಾವ ಪಾಠಕ್ಕೆ ಬತ್ತಿತ್ತಾ?”

ಪಾಠಕ್ಕೆ ಬರುತ್ತಿದ್ದವರಿಗೂ ಅರ್ಥವಾಗುತ್ತಿರಲಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ.