ಶೆಡ್ಡಿನಲ್ಲಿ ಇಂಟರ್‌ವ್ಯೂ ಕೊಟ್ಟ ಮಹಾದೇವಿ

ಬಾಡಿಗೆಗೆ ಬರುವವರೆಲ್ಲ ನೀರು ಬರುತ್ತದಾ ಎಂದು ಕೇಳುತ್ತಾರೆ. ಮಹಾದೇವಿ ಮಾತ್ರ ಪೀಣ್ಯದ ನಮ್ಮ ಮನೆಗೆ ಬಂದವಳೇ ಮೀಟರ್ ಬೋರ್ಡಿನ ಮುಂದೆ ನಿಂತು, "ಆಂಟಿ, ದಿನಕ್ಕ ಎಷ್ಟು ತಾಸು ಕರೆಂಟ್ ಹೋಗ್ತದ?" ಎಂದಳು. ಮಹಡಿಯ ಕೋಣೆ ನೋಡಿದ್ದು ಆಮೇಲೆ.

ರಾಯಚೂರು ಕಡೆಯ ಹುಡುಗಿ. ಎಂ.ಎ.ಯಲ್ಲಿ ಇಂಧನ ನೀತಿ ಓದುತ್ತಿದ್ದಳು. ಹಾಗೆಂದರೇನು ಎಂದು ಕೇಳಿದ್ದಕ್ಕೆ, "ನಮ್ಮೂರ ಪಕ್ಕದಾಗ ಕರೆಂಟ್ ತಯಾರಾಗ್ತದರಿ. ಆದ್ರ ಸಣ್ಣಾಕಿದ್ದಾಗ ನಮ್ಮನ್ಯಾಗ ಕಂದೀಲ ಹಚ್ತಿದ್ವಿ. ಯಾಕ ಹಂಗಂತ ಕೇಳೋದ ನನ್ನ ಓದು" ಎಂದು ನಕ್ಕಳು. ದೇಶದೇಶಗಳು ಕೂತು ಕರೆಂಟು, ಎಣ್ಣೆ, ಗ್ಯಾಸಿನ ಬಗ್ಗೆ ತೀರ್ಮಾನ ಮಾಡುವ ಕಡೆ ತಾನೂ ಕೂರಬೇಕು ಎಂಬುದು ಅವಳ ಹಟ.

ಕೆಳಗಡೆ ನಮ್ಮ ಯಜಮಾನರ ಲೇತ್ ಶೆಡ್. ಅದರ ಹಿಂದಿನ ಡೀಸೆಲ್ ಜನರೇಟರ್ ಕಂಡರೆ ಮಹಾದೇವಿಗೆ ಆಗುತ್ತಿರಲಿಲ್ಲ. "ಅಂಕಲ್, ಈ ಹೊಗಿ ಕುಡುದು ಗುಬ್ಬಿ ಸುದ್ದಾ ಊರು ಬಿಟ್ಟಾವ." ಅವರು ಬಿಡುತ್ತಾರೆಯೇ? "ನೀನು ಮಂತ್ರಿ ಆಗವ್ವ, ಆಮೇಲೆ ಆಫ್ ಮಾಡ್ತೀನಿ. ಅಲ್ಲೀಗಂಟ ನಮ್ ಹೊಟ್ಟೆಪಾಡು ನಡೀಲಿ." ಹಾವು ಮುಂಗುಸಿ ಎಂದುಕೊಂಡರೆ, ಸಂಜೆ ಇಬ್ಬರೂ ಒಂದೇ ತಟ್ಟೆಯ ಕಡಲೆಕಾಯಿ ಸುಲಿಯುತ್ತಿದ್ದರು.

ಓದು ಮುಗಿದ ಮೇಲೆ ಅಂಥ ಸಭೆಗಳು ನಡೆಯುವ ವಿಯೆನ್ನಾದ ಒಂದು ಸಂಸ್ಥೆಯಿಂದ ಕರೆ ಬಂತು; ಇಂಟರ್‌ವ್ಯೂ ಕಂಪ್ಯೂಟರ್‌ನಲ್ಲೇ. ಅಷ್ಟರಲ್ಲಿ ಬೇರೆ ಕಡೆಯವರು ಅನುಭವ ಸಾಲದೆಂದು ಬೇಡ ಅಂದಿದ್ದರು. ಇದೂ ತಪ್ಪಿದರೆ ಊರಿಗೆ ಹೋಗಿ ಬ್ಯಾಂಕ್ ಪರೀಕ್ಷೆಗೆ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

ಆ ದಿನ ಇಂಟರ್‌ವ್ಯೂ ಇನ್ನೇನು ಶುರುವಾಗಬೇಕು, ಬೀದಿಯ ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು. ಅವಳದು ವೈರು ಕಿತ್ತರೆ ಕಣ್ಣು ಮುಚ್ಚುವ ಹಳೆಯ ಲ್ಯಾಪ್‌ಟಾಪ್. ಮೆಟ್ಟಿಲ ಮೇಲೆ ಅಳುಮುಖ ಮಾಡಿಕೊಂಡು ನಿಂತಿದ್ದಳು. ಯಜಮಾನರು ಕೆಳಗಿನಿಂದ ಕೂಗಿದರು: "ಬಾರವ್ವ ಶೆಡ್‌ಗೆ! ಜನರೇಟರ್ ಆನ್ ಮಾಡಿದೀನಿ. ಏಯ್, ಲೇತ್ ಎಲ್ಲಾ ನಿಲ್ಸ್ರೋ!" ಕೆಲಸಗಾರರು ಉಸಿರು ಬಿಗಿಹಿಡಿದು ಕೂತರು. ಜನರೇಟರ್ ಮಾತ್ರ ಬಾಯಿ ಮುಚ್ಚಲಿಲ್ಲ. ನಾನು ಬಾಗಿಲಲ್ಲಿ ನಿಂತು ನೆನಪಾದ ದೇವರಿಗೆಲ್ಲ ಕೈ ಮುಗಿದೆ.

ಅದೇನು ಸದ್ದು ಎಂದು ವಿಯೆನ್ನಾದವರು ಕೇಳಿದರಂತೆ. "ಸುಳ್ಳು ಬಾಯಿಗೆ ಬರಲಿಲ್ಲ ಆಂಟಿ," ಎಂದಳು ಆಮೇಲೆ. "'ಡೀಸೆಲ್ ಜನರೇಟರ್, ಇದನ್ನ ಬಂದ್ ಮಾಡಸ್ಬೇಕಂತನ ಓದೀನಿ, ಆದ್ರ ಇವತ್ತು ಇದಿಲ್ಲಂದ್ರ ನಾ ನಿಮ್ಮ ಮುಂದ ಇರ್ತಿದ್ದಿಲ್ಲ' ಅಂದೆ. ಎಲ್ಲಾರೂ ನಕ್ಕರು. ಆಮ್ಯಾಲೆ ಬರೇ ಇದರ ಬಗ್ಗೇನ ಕೇಳಿದ್ರು."

ಕೆಲಸ ಸಿಕ್ಕಿತು. ಹೊರಟ ದಿನ ಕಾಲಿಗೆ ಬಿದ್ದವಳಿಗೆ ಯಜಮಾನರು, "ಅಲ್ಲಿ ದೊಡ್ಡೋರು ಕೂತಾಗ, ನಮ್ಮಂಥ ಶೆಡ್‌ನೋರೂ ಅವ್ರೆ ಅಂತ ಒಂದ್ ಮಾತು ಹೇಳವ್ವ" ಎಂದರು.

ಈಗ ಆ ಕೋಣೆಯಲ್ಲಿ ಬೇರೆ ಹುಡುಗಿಯಿದ್ದಾಳೆ. ಒಳ್ಳೆಯವಳೇ, ಆದರೆ ಜಗಳವಾಡಲು ಬರುವುದಿಲ್ಲ. ಮೊನ್ನೆ ಮಹಾದೇವಿ ಫೋನ್ ಮಾಡಿ, ದೊಡ್ಡ ಸಭೆಯಲ್ಲಿ ನಮ್ಮ ಶೆಡ್ಡಿನ ವಿಷಯ ಹೇಳಿದೆನೆಂದಳು. ಯಜಮಾನರು ಹೊರಗೆ ಹೋಗಿ ಜಿಲೇಬಿ ತಂದು ಕೆಲಸಗಾರರಿಗೆಲ್ಲ ಹಂಚಿದರು. ಅಭ್ಯಾಸಬಲದಿಂದ ಮಹಾದೇವಿಗೂ ಒಂದು ಪಾಲು ಎತ್ತಿಟ್ಟಿದ್ದರು. ಅದನ್ನು ನಾನೇ ತಿಂದೆ, ಕಣ್ಣೊರೆಸಿಕೊಳ್ಳುತ್ತಾ.