ಸದ್ದಿಲ್ಲದ ಮಿಷನ್ನು

ಅಜ್ಜೀಪುರದ ದಾರಿಯಲ್ಲಿ ಒಂಟಿ ಸಲಗ ಅಡ್ಡ ನಿಂತಾಗ ಅದರ ಸೊಂಡಿಲಿಗೆ ಟವೆಲ್ಲಲ್ಲಿ ಬಾರಿಸಿ ದಾರಿ ಬಿಡಿಸಿಕೊಂಡವನು ನಾನು. ಸಾಕ್ಷಿಗೆ ಕರೆಯೋಣವೆಂದರೆ ಜೊತೆಗಿದ್ದ ಇಬ್ಬರೂ ಈಗ ಬದುಕಿಲ್ಲ, ಆ ಆನೆಯೂ ಇಲ್ಲ. ಅಂಥವನಿಗೆ ಕೊಳ್ಳೇಗಾಲದ ಹಲ್ಲಿನ ಆಸ್ಪತ್ರೆಯಲ್ಲಿ ಬಾಯಿ ಒಣಗಿಹೋಯಿತು.

ಮೊಮ್ಮಗಳು ಪವಿತ್ರಳ ಉಬ್ಬುಹಲ್ಲಿಗೆ ತಂತಿ ಕಟ್ಟಿದ್ದರು. ತಂತಿಯ ಎಳೆತಕ್ಕೆ ಮುಂದಿನ ಹಲ್ಲಿನ ಬೇರು ಸವೆಯುತ್ತಿದೆ, ಹೀಗೇ ಆದರೆ ಹಲ್ಲು ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ಅಲ್ಟ್ರಾಸೌಂಡ್ ಎಂಬ ಶಬ್ದದ ಅಲೆ ಕೊಟ್ಟರೆ ಬೇರಿಗೆ ಒಳ್ಳೆಯದಾಗಬಹುದು ಎಂದು ಹುಡುಗಿಯ ಬಾಯಿಗೆ ಮಿಷನ್ನಿಗೆ ಜೋಡಿಸಿದ ಒಂದು ಅಚ್ಚು ಕಚ್ಚಿಸಿ ಗುಂಡಿ ಒತ್ತಿದರು. ಸದ್ದೇ ಇಲ್ಲ.

“ಮಿಷನ್ ಕೆಟ್ಟೋಗೈತಾ ಮೇಡಂ?”

“ಓಡ್ತಿದೆ ತಾತ. ಈ ಶಬ್ದ ಕಿವಿಗೆ ಕೇಳಿಸಲ್ಲ.”

ಕೇಳಿಸದ ಶಬ್ದ ಮಗುವಿನ ದವಡೆಯೊಳಗೆ ಕೂತು ಏನು ಮಾಡುತ್ತಿದೆಯೋ ಎಂದು ನನ್ನ ಜೀವ ಬಾಯಿಗೆ ಬಂತು. ನಮ್ಮ ಹೊಲದಲ್ಲಿ ಬೋರಿನ ಮೋಟರು ಓಡುತ್ತಿದೆಯೋ ಇಲ್ಲವೋ ಎಂದು ಪೈಪಿನ ಮೇಲೆ ಕೈಯಿಟ್ಟು ನೋಡುತ್ತೇವೆ. ಹಾಗೇ ಅವಳ ಕೆನ್ನೆಯ ಮೇಲೆ ಕೈಯಿಟ್ಟೆ. ಗಡಗಡ ನಡುಗುತ್ತಿತ್ತು.

“ನಿಲ್ಸಿ ಮೇಡಂ, ಮಗೀನ ಹಲ್ಲೆಲ್ಲ ಉದುರೋಯ್ತವೆ.”

ಡಾಕ್ಟರಮ್ಮ ಗಾಬರಿಯಾಗಿ ಮಿಷನ್ನು ನಿಲ್ಲಿಸಿದರು. ಆದರೂ ನಡುಕ ನಿಲ್ಲಲಿಲ್ಲ. ಪವಿತ್ರ ಬಾಯಿಂದ ಅಚ್ಚು ತೆಗೆದು, ನನ್ನ ಕೈ ಹಿಡಿದು ಕೆನ್ನೆಯಿಂದ ಪಕ್ಕಕ್ಕೆ ಸರಿಸಿದಳು. ಗಾಳಿಯಲ್ಲೂ ಅದು ನಡುಗುತ್ತಲೇ ಇತ್ತು.

“ತಾತ, ನಡುಗ್ತಿರೋದು ನಿನ್ ಕೈ. ನನ್ ಕೆನ್ನೆ ನೆಟ್ಟಗೈತೆ.”

“ಇರ್ಬೋದು ಕಣವ್ವ,” ಎಂದು ಭುಜ ಕುಣಿಸಿದೆ. “ಬಾಯ್ತುಂಬ ಅದ್ನ ಕಚ್ಕಂಡು ನೀನೆಂಗೆ ನಡುಗ್ತೀಯ? ನಿನ್ ಪಾಲಿಂದೂ ನಾನೇ ನಡುಗ್ದೆ.”