ಹಳ್ಳವನ್ನು ನೋಡಿ ನಕ್ಷೆ ತಿದ್ದುವ ಅನುಸೂಯಾ

ನಮ್ಮ ಅಕ್ಕ ಶಾಂತಕ್ಕ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು 2021ರ ಸೆಪ್ಟೆಂಬರ್‌ ತಿಂಗಳ ಒಂದು ಸೋಮವಾರ. ಕೊಪ್ಪಳದ ಮನೆಯಲ್ಲಿ ಪೂಜೆ ಮುಗಿಸಿ ಊಟಕ್ಕೆ ಕೂರುವ ಹೊತ್ತು. ಫೋನಿನಲ್ಲಿ ಒಬ್ಬ ಹೆಣ್ಣುಮಗಳು, "ಮಾಸ್ತರ, ಅಕ್ಕಾರು ಹೋಗ್ಯಾರ್ರಿ" ಎಂದಳು. ಆ ದನಿ ಯಲಬುರ್ಗಾ ತಾಲ್ಲೂಕಿನ ಕರಿಬನ್ನಿಹಾಳದ ಆಶಾ ಕಾರ್ಯಕರ್ತೆ ಅನುಸೂಯಾಳದು. ಅವಳು ಅಕ್ಕನ ಪಕ್ಕದ ಮನೆಯವಳು. ಈ ಬರಹ ಅವಳ ಕುರಿತಾದದ್ದು.

ಈಗ ಶ್ರಾವಣ. ಬೆಳಗಿನ ಐದೂವರೆ ಗಂಟೆ. ಅನುಸೂಯಾ ಸೀರೆಯ ಸೆರಗು ಬಿಗಿದು, ಕೈಯಲ್ಲೊಂದು ಕೋಲು ಹಿಡಿದು ಕರಿಹಳ್ಳದ ದಂಡೆಯಲ್ಲಿ ನಿಂತಿದ್ದಾಳೆ. ಹಳ್ಳದ ನಡುವೆ ಎಮ್ಮೆಯ ಬೆನ್ನಿನಂಥ ಒಂದು ಕರಿಕಲ್ಲು. ಅದರ ಸುತ್ತ ಕೆಂಪು ನೀರು ಹರಿಯುತ್ತಿದೆ. ಕೋಲನ್ನು ನೀರಿಗೆ ಇಳಿಬಿಟ್ಟು ಹಸಿ ಗುರುತನ್ನು ಗೇಣಿನಿಂದ ಅಳೆಯುತ್ತಾಳೆ. ಫೋನು ತೆಗೆದು ಏನನ್ನೋ ಒತ್ತುತ್ತಾಳೆ.

"ಇವತ್ತ ಟ್ರ್ಯಾಕ್ಟರ್‌ ದಾಟತೈತ್ರಿ. ಸಣ್ಣ ಗಾಡಿ ಬ್ಯಾಡ" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾಳೆ.

ದಂಡೆಯ ಮೇಲಿನ ಚಹಾದಂಗಡಿಯಿಂದ ಶಾಮೀದಸಾಬ ಕೂಗುತ್ತಾನೆ: "ಬೇ ತಂಗಿ, ಹಳ್ಳಕ್ಕ ನಾಡಿ ಹಿಡದು ನೋಡಿದ್ದಾತಿಲ್ಲ? ಜ್ವರ ಎಷ್ಟೈತಿ ಹೇಳು!"

"ನಿನ್ನ ಚಹಾಕ್ಕಿಂತ ಬಿಸಿ ಐತಿ ಬಿಡು ಕಾಕಾ."

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಅನುಸೂಯಾ ಇರಕಲ್ಲಗಡದ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು. ಹತ್ತನೆಯದನ್ನು ಪಾಸು ಮಾಡಿದ ಮೇಲೆ ಈ ಊರಿಗೆ ಸೊಸೆಯಾಗಿ ಬಂದಳು. ಗಂಡ ದುರಗೇಶ ಗೌಂಡಿ ಕೆಲಸ ಮಾಡುತ್ತಾನೆ. ಊರಿನಲ್ಲಿ ಇನ್ನೂರಹನ್ನೆರಡು ಮನೆಗಳು. ಸದ್ಯ ಒಂಬತ್ತು ಮಂದಿ ಬಸುರಿಯರು, ಮೂವರು ಬಾಣಂತಿಯರು. ಹೊಲದ ಮನೆಗಳನ್ನೂ ಸೇರಿಸಿದರೆ ಅವಳು ದಿನಕ್ಕೆ ಏಳು ಕಿಲೋಮೀಟರ್‌ ನಡೆಯುತ್ತಾಳೆ. ಇದು ಅವಳ ನೇಮಕದ ಕೆಲಸ. ಹಳ್ಳ ಅಳೆ ಎಂದು ಅವಳಿಗೆ ಯಾರೂ ಹೇಳಿಲ್ಲ.

ಮಾಡಿ ತೋರಿಸಿದವಳು ಒಬ್ಬಳಿದ್ದಳು ಎನ್ನಬೇಕು. ನಮ್ಮ ಅಕ್ಕ ದಿನಾ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಕೂರುತ್ತಿದ್ದಳು. ಮೊದಲ ಹೊಸ ನೀರು ಬಂದ ದಿನ ಗಂಗಮ್ಮನಿಗೆ ಅರಿಶಿನ ಕುಂಕುಮ ಏರಿಸುವುದು ಅವಳ ನೇಮ. ಉಳಿದ ದಿನ ಕೂಲಿಗೆ ಹೋಗುವ ಹೆಂಗಸರು ಅವಳನ್ನು ಕೇಳದೆ ನೀರಿಗೆ ಕಾಲಿಡುತ್ತಿರಲಿಲ್ಲ. "ಕಲ್ಲಿನ ನೆತ್ತಿ ಕಾಣತೈತಿ, ನಡೀರಿ" ಎಂದರೆ ನಡೆಯುತ್ತಿದ್ದರು. "ಕಲ್ಲು ಮುಳುಗೈತಿ, ಹೊಳ್ಳಿ ಹೋಗ್ರಿ" ಎಂದರೆ ಮನೆಗೆ ಮರಳುತ್ತಿದ್ದರು.

ಆ ಸೋಮವಾರ ಅಕ್ಕ ದಂಡೆಗೆ ಹೋಗಲಿಲ್ಲ. ಎದೆನೋವು ಎಂದು ಮಲಗಿದ್ದಳು. ಅನುಸೂಯಾ ಕುಷ್ಟಗಿಯ ಒಂದು ಟ್ರಸ್ಟಿನ ಆಂಬುಲೆನ್ಸಿಗೆ ಫೋನು ಮಾಡಿದಳು. ಚಾಲಕ ದಾರಿ ಕೇಳಿದ. ಅವಳ ಫೋನಿನಲ್ಲಿ 'ಊರದಾರಿ' ಎಂಬ ನಕ್ಷೆಯಿತ್ತು. ಕೆಲವು ಹವ್ಯಾಸಿಗಳು ಸೇರಿ ಕಟ್ಟಿ ಉಚಿತವಾಗಿ ಹಂಚಿದ ತಂತ್ರಾಂಶ ಅದು. ಅದರ ಒಳಗಿನ ಬರಹ, ಅಂದರೆ ಕೋಡ್, ಎಲ್ಲರಿಗೂ ತೆರೆದಿರುತ್ತದೆ, ಬಲ್ಲವರು ಯಾರು ಬೇಕಾದರೂ ತಿದ್ದಬಹುದು. ಅನುಸೂಯಾ ಅದರಲ್ಲಿ 'ಹತ್ತಿರದ ದಾರಿ' ಎಂಬುದನ್ನು ಒತ್ತಿ ಚಾಲಕನಿಗೆ ಕಳಿಸಿದಳು. ಹೆದ್ದಾರಿಯ ತಿರುವಿನಿಂದ ಮೂರು ಕಿಲೋಮೀಟರಿನ ಬಿಳಿ ಗೆರೆಯೊಂದು ನೇರವಾಗಿ ಊರಿಗೆ ಬರುತ್ತಿತ್ತು. ಆ ಗೆರೆ ಕರಿಹಳ್ಳದ ಮರಳಿನ ಪಾತ್ರ.

ಅಂದು ಊರಿನಲ್ಲಿ ಮೋಡವಿರಲಿಲ್ಲ. ಮೇಲಿನ ಸೀಮೆಯಲ್ಲಿ ಬಿದ್ದ ಮಳೆಗೆ ಹಳ್ಳ ತುಂಬಿತ್ತು. ಆಂಬುಲೆನ್ಸು ಆಚೆ ದಂಡೆಯಲ್ಲಿ ನಿಂತು, ಹೊರಳಿ, ಹನ್ನೊಂದು ಕಿಲೋಮೀಟರಿನ ಸುತ್ತು ದಾರಿ ಹಿಡಿದು ಬರುವುದರಲ್ಲಿ ಐವತ್ತು ನಿಮಿಷ ಕಳೆದವು. ಅಕ್ಕ ಆಸ್ಪತ್ರೆ ಮುಟ್ಟಲಿಲ್ಲ.

"ಗೆರಿ ಕಳಿಸಿದಾಕಿ ನಾನs ರೀ ಮಾಸ್ತರ" ಎನ್ನುತ್ತಾಳೆ ಅನುಸೂಯಾ, ಕೋಲಿನ ತುದಿಯನ್ನು ನೋಡುತ್ತ. "ನಾಕ ಹೆಜ್ಜಿ ಹೊರಗ ಬಂದು ಹಳ್ಳ ನೋಡಿದ್ರ ಆಗತಿತ್ತು. ಅಕ್ಕಾರ ತಲಿ ನನ್ನ ತೊಡಿ ಮ್ಯಾಲೆ ಇತ್ತು. ಏಳಲಿಲ್ಲ. ಹಂಗಂತ ಅಳಕೋತ ಕುಂತ್ರ ಆ ಗೆರಿ ಅಲ್ಲೇ ಇರತೈತಿ. ನಾಳೆ ಮತ್ತೊಬ್ರ ಮನಿ ಗಾಡಿ ಅಲ್ಲೇ ಬಂದು ನಿಲ್ಲತೈತಿ. ಅದನ್ನ ತಪ್ಪಿಸಬೇಕಂತ ಬೆನ್ನ ಹತ್ತಿದೆ."

ಅಕ್ಕ ಹೋದ ಹದಿನಾಲ್ಕನೆಯ ದಿನ ಅವಳು ನಕ್ಷೆಯಲ್ಲಿದ್ದ 'ತಪ್ಪಿದ್ದರೆ ತಿಳಿಸಿ' ಎಂಬ ಗುಂಡಿ ಒತ್ತಿ ಬರೆದಳು: ಇದು ದಾರಿಯಲ್ಲ, ಹಳ್ಳ. ಉಪಗ್ರಹದ ಚಿತ್ರದಲ್ಲಿ ದಾರಿ ಸ್ಪಷ್ಟವಾಗಿ ಕಾಣುತ್ತದೆ, ದೂರನ್ನು ಮುಗಿಸಲಾಗಿದೆ ಎಂದು ಉತ್ತರ ಬಂತು. ಮತ್ತೆ ಬರೆದಳು. ಮತ್ತೆ ಮುಗಿಸಿದರು. ಏಳು ಸಲ ಹೀಗಾಯಿತು. ಎಂಟನೆಯ ಸಲ ಅವಳು ಮಾತು ಬರೆಯಲಿಲ್ಲ. ತುಂಬಿದ ಹಳ್ಳದ ಚಿತ್ರ ಕಳಿಸಿದಳು. ಅದರಲ್ಲಿ ಆಚೆ ದಂಡೆಯಲ್ಲಿ ಹಾಲಿನ ಗಾಡಿಯೊಂದು ದಿಕ್ಕು ತೋಚದೆ ನಿಂತಿತ್ತು.

ಆಗ ಫೋನು ಮಾಡಿದವನು ಯಂಕೇಶ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ವಿದ್ಯುತ್‌ ಕೆಲಸ ಮಾಡುವ ಅವನು ಬಿಡುವಿನಲ್ಲಿ ಐವರು ಗೆಳೆಯರೊಡನೆ ಈ ನಕ್ಷೆ ಕಟ್ಟಿದ್ದಾನೆ. ಅವನ ಮಾತಿನಲ್ಲಿ ಮುಚ್ಚುಮರೆಯಿಲ್ಲ. "ಮ್ಯಾಲಿಂದ ನೋಡಿ ಗೆರಿ ಎಳೀತಿದ್ವಿ ಸರ್. ಉಸುಕಿನ ಹಳ್ಳ, ಬಂಡಿದಾರಿ ಎರಡೂ ಬೆಳ್ಳಗ ಕಾಣತಾವು. ಮಂದಿಗೆ ಬೇಕಾದ್ದು ಹತ್ತಿರದ ದಾರಿ ಅಂತ ನಾವs ತಿಳಕೊಂಡಿದ್ವಿ. ಯಾರನ್ನೂ ಕೇಳಿರಲಿಲ್ಲ."

ಅವನು ಆ ಸಂಜೆಯೇ ಗೆರೆ ಅಳಿಸಿದ. ತಪ್ಪು ತಿದ್ದಿದೆನೆಂದು ನೆಮ್ಮದಿಯಿಂದಿದ್ದ. ಬೇಸಿಗೆ ಬಂತು, ಹಳ್ಳ ಒಣಗಿತು, ಬಂಡಿಗಳು ಎಂದಿನಂತೆ ಮರಳಿನಲ್ಲೇ ಓಡಾಡಿದವು. ಆದರೆ ನಕ್ಷೆ ನಂಬಿದ ಹೊಸ ಚಾಲಕರು ಸುತ್ತು ಹಾಕಿದರು, ಇಲ್ಲವೇ ಬರುವುದನ್ನೇ ಬಿಟ್ಟರು. ಶಾಮೀದಸಾಬ ಅನುಸೂಯಾಳ ಫೋನು ಕಿತ್ತುಕೊಂಡು ಯಂಕೇಶನಿಗೆ ದಬಾಯಿಸಿದ: "ಏನ್ರೀ ಸಾಹೇಬ್ರ, ಏಳು ತಿಂಗಳ ದಾರಿ ಒಂದs ಬಟ್ಟಿನಾಗ ಅಳಿಸಿಬಿಟ್ರಿ? ನನ್ನ ಅಂಗಡಿಗೆ ಹಾಲು ಆಕಾಶದಿಂದ ಬರಬೇಕೇನ?"

ಯಂಕೇಶನ ತಂತ್ರಾಂಶದಲ್ಲಿ ಒಂದು ಗೆರೆ ದಾರಿಯಾಗಬೇಕಿತ್ತು, ಇಲ್ಲವೇ ಹಳ್ಳವಾಗಬೇಕಿತ್ತು. ಎರಡೂ ಆಗುವಂಥದ್ದು ಅದಕ್ಕೆ ಗೊತ್ತಿರಲಿಲ್ಲ. ಅವನು ವಾರಗಟ್ಟಲೆ ಕೂತು ತಿಂಗಳುಗಳ ಪಟ್ಟಿಯೊಂದನ್ನು ಸೇರಿಸಿದ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳ, ಉಳಿದಾಗ ದಾರಿ. ಗಂಗಾವತಿಯಂಥ ಕಾಲುವೆ ನೀರಾವರಿಯ ಊರಿನವನು ಹಾಗೆ ಯೋಚಿಸುವುದು ಸಹಜ. ಅಲ್ಲಿ ನೀರು ಬಿಡುವ ತಾರೀಕು ಮೊದಲೇ ಗೊತ್ತಿರುತ್ತದೆ.

ಅನುಸೂಯಾ ನಕ್ಕುಬಿಟ್ಟಳಂತೆ. "ಯಂಕೇಶಣ್ಣ, ನಿಮ್ಮ ಕಾಲವಿ ಸಾಲಿ ಕಲ್ತೈತಿ. ನಮ್ಮ ಹಳ್ಳಕ್ಕ ಕ್ಯಾಲೆಂಡರ್‌ ಓದಾಕ ಬರಂಗಿಲ್ಲ. ಒಮ್ಮೆ ಬಂದು ನೋಡು."

ಅವನು ಬಂದ. 2022ರ ಆಗಸ್ಟಿನ ಒಂದು ಮುಂಜಾನೆ, ತಲೆಯ ಮೇಲೆ ನೀಲಿ ಆಕಾಶ, ಕಾಲ ಬಳಿ ಪಾದ ನೆನೆಯುವಷ್ಟು ನೀರು. ಶಾಮೀದಸಾಬನ ಅಂಗಡಿಯಲ್ಲಿ ಒಂದು ಬಟ್ಟಲು ಚಹಾ ಮುಗಿಸಿ ಏಳುವಷ್ಟರಲ್ಲಿ ಆ ಎಮ್ಮೆ ಬೆನ್ನಿನ ಕಲ್ಲು ಮುಳುಗಿತ್ತು. ಯಂಕೇಶನ ಮೋಟರ್‌ಸೈಕಲ್‌ ಅವನು ನಿಲ್ಲಿಸಿ ಬಂದ ಆಚೆ ದಂಡೆಯಲ್ಲೇ ಉಳಿಯಿತು. ಅವನು ಮಧ್ಯಾಹ್ನದವರೆಗೆ ಈಚೆಯೇ ಕೂತ. ಫಕೀರಮ್ಮ ಎಂಬ ಮುದುಕಿ ಬುಟ್ಟಿ ಹೊತ್ತು ಬಂದು, ನೀರು ನೋಡಿ, "ಶಾಂತಕ್ಕ ಇದ್ದಿದ್ರ ಮುಂಜಾನೆನs ಹೇಳತಿದ್ಲು" ಎಂದಳು.

ಶಾಂತಕ್ಕ ಯಾರು ಎಂದು ಯಂಕೇಶ ಕೇಳಿದ. ಆವರೆಗೆ ಅನುಸೂಯಾ ಅವನಿಗೆ ಹಳ್ಳದ ಸಂಗತಿಯನ್ನಷ್ಟೇ ಹೇಳಿದ್ದಳು. ಅಂದು ಸಾವಿನ ಸಂಗತಿ ಹೇಳಿದಳು. "ಅಷ್ಟೊತ್ತು ನಾನು ನೆಲಾನs ನೋಡಿದೆ ಸರ್" ಎನ್ನುತ್ತಾನೆ ಅವನು. "ಯಂತ್ರ ಎಲ್ಲಾ ಹೇಳಬೇಕು ಅನ್ನೋದು ನಮ್ಮ ಹಟ. ಈ ಊರಾಗ ಬೇಕಾಗಿದ್ದು, ಕೇಳಿದ್ರ ಹೇಳೋ ಮನಿಷ್ಯಾರು. ಅವರನ್ನ ನಾವು ನಕ್ಷಿಯಿಂದ ಹೊರಗ ಬಿಟ್ಟಿದ್ವಿ."

ಈಗ ಆ ಗೆರೆ ಮತ್ತೆ ನಕ್ಷೆಯಲ್ಲಿದೆ, ಚುಕ್ಕಿ ಚುಕ್ಕಿಯಾಗಿ. ಹೆದ್ದಾರಿಯ ತಿರುವಿಗೆ ಬಂದ ಚಾಲಕನಿಗೆ ಫೋನು ಕನ್ನಡದಲ್ಲಿ ಮಾತಾಡುತ್ತದೆ: ಮುಂದೆ ಹಳ್ಳವಿದೆ, ದಂಡೆಯವರನ್ನು ಕೇಳಿ. ಕೆಳಗೆ ಶಾಮೀದಸಾಬನ ನಂಬರು, ಅನುಸೂಯಾಳ ನಂಬರು, ಅಂದಿನ ಬೆಳಗಿನ ನೀರಿನ ಗುರುತು. ಎರಡು ವರ್ಷಗಳಲ್ಲಿ ಅವಳು ನೆರೆಯ ಊರುಗಳ ಆಶಾ ಗೆಳತಿಯರನ್ನು ಕೂಡಿಸಿಕೊಂಡು ಅರವತ್ತಮೂರು ದಾರಿಗಳನ್ನು ನಡೆದು ತಿದ್ದಿಸಿದ್ದಾಳೆ. ಅವುಗಳಲ್ಲಿ ಹದಿನಾಲ್ಕು ಇಂಥ ಹಳ್ಳಗಳೇ. ಐದು ದಂಡೆಗಳಲ್ಲಿ ಮಾತ್ರ ಹೇಳುವವರು ಸಿಕ್ಕಿದ್ದಾರೆ.

ಹೋದ ವರ್ಷದ ಆಷಾಢದಲ್ಲಿ ಮಹೇಶ್ವರಿ ಎಂಬ ಚೊಚ್ಚಲ ಬಸುರಿಗೆ ಬೆಳಿಗ್ಗೆ ಎಂಟಕ್ಕೆ ನೋವು ಜೋರಾಯಿತು. ಅಂದೂ ಊರಿನ ಮೇಲೆ ಮೋಡವಿರಲಿಲ್ಲ. ಆಂಬುಲೆನ್ಸಿನ ಚಾಲಕ ತಿರುವಿನಿಂದ ಫೋನು ಮಾಡಿದ. ಶಾಮೀದಸಾಬ ಎದ್ದು ನಿಂತು ನೋಡಿ, "ಕಲ್ಲು ಕಾಣವಲ್ದು. ಸುತ್ತ ಹಾಕಿ ಬಾ, ಲಗೂನ ಬಾ" ಎಂದ. ಗಾಡಿ ದಂಡೆಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಹತ್ತೂವರೆಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಈಗ ಅದು ತಪ್ಪು ಹೆಜ್ಜೆ ಇಡುತ್ತಿದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದೆ.

ನಿನ್ನ ಆಸೆಯೇನು ಎಂದು ಕೇಳಿದೆ. "ಸೇತುವಿ ಆದ್ರ ಛಲೋ. ಆಗೋತನ ಉಳದ ಒಂಬತ್ತು ಹಳ್ಳಕ್ಕೂ ಒಬ್ಬೊಬ್ರು ಹೇಳೋರು ಸಿಗಲಿ, ಅಷ್ಟ ಸಾಕ್ರಿ" ಎಂದಳು. ಆಮೇಲೆ, "ನಿಮಗ ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ ಮಾಸ್ತರ?" ಎಂದು ಕೇಳಿದಳು.

ನಾನು ಅವಳ ಕೈಯಿಂದ ಕೋಲು ತೆಗೆದುಕೊಂಡು ನೀರಿಗೆ ಇಳಿಬಿಟ್ಟೆ. ಗುರುತು ಓದಲು ನನಗೆ ಬರಲಿಲ್ಲ. "ನೀನs ಹೇಳವ್ವ, ದಾಟಬಹುದೇನು?" ಎಂದೆ. ಅವಳು ಕಣ್ಣೊರೆಸಿಕೊಂಡು ಬಗ್ಗಿ ನೋಡಿ, "ದಾಟ್ರಿ. ನೆತ್ತಿ ಕಾಣತೈತಿ" ಎಂದಳು. ತನ್ನ ಫೋನು ನನ್ನ ಮುಂದೆ ಹಿಡಿದಳು. ನಕ್ಷೆಯಲ್ಲಿ ಹಳ್ಳದ ನಡುವೆ ಒಂದು ಚುಕ್ಕಿ. ಅದರ ಹೆಸರು 'ಶಾಂತಕ್ಕನ ಕಲ್ಲು'.

ಗವಿಸಿದ್ಧೇಶ್ವರನೇ, ಬೇರೆಯವರ ದಾರಿ ಕಾಯುತ್ತ ಕೂತ ನಮ್ಮ ಅಕ್ಕ ತನ್ನ ದಾರಿ ಮುಗಿಸಿ ನಿನ್ನ ಬಳಿಗೆ ಬಂದಿದ್ದಾಳೆ. ಅವಳ ದಣಿದ ಕಾಲಿಗೆ ನಿನ್ನ ಪಾದದ ನೆರಳು ಕೊಡು. ಅವಳನ್ನು ಶಾಂತವಾಗಿಡು.